ಹಳೇ ಗ್ರಾಂಟ್ ಮುಗೀತಿದೆ, ಹೊಸದು ಇನ್ನೂ ಕೈಗೆ ಬಂದಿಲ್ಲ: ಬ್ರೇನ್ ಇಮೇಜಿಂಗ್ ಸೆಂಟರ್‌ನ ನಡುವೆ ನಿಲ್ಲಿಸದೆ ನಡೆಸೋದು ಹೇಗೆ

ಬ್ರೇನ್ ಇಮೇಜಿಂಗ್ ರಿಸರ್ಚ್ ಸೆಂಟರ್ ನಡೆಸೋರಿಗೆ ಒಂದಲ್ಲ ಒಂದ್ಸಲ ಈ ಕಾಲ ಬಂದೇ ಬರುತ್ತೆ. ದೊಡ್ಡ ಗ್ರಾಂಟ್ ಮುಗಿಯೋಕೆ ಬಂದಿರುತ್ತೆ, ರಿನ್ಯೂವಲ್‌ಗೆ ಹಾಕಿರ್ತೀವಿ, ರಿವ್ಯೂ ಚೆನ್ನಾಗೇ ಬಂದಿದೆ ಅಂತ ಯಾರೋ ಹೇಳಿರ್ತಾರೆ, ಆದ್ರೆ ಆರ್ಡರ್ ಮಾತ್ರ ಕೈಗೆ ಬಂದಿರಲ್ಲ. ಕೆಲವು ಕಡೆ ರಿನ್ಯೂವಲ್ ಅನ್ನೋದೇ ಇರಲ್ಲ. ಅಮೆರಿಕದ ಸರ್ಕಾರಿ ಬಯೋಮೆಡಿಕಲ್ ಇಮೇಜಿಂಗ್ ಸಂಸ್ಥೆ ಎನ್‌ಐಬಿಐಬಿ ಕೊಡೋ ಪಿ41 ಅನ್ನೋ ಸೆಂಟರ್ ಗ್ರಾಂಟ್‌ಗೆ 15 ವರ್ಷದ ಮಿತಿ ಇದೆ, ಅಂದ್ರೆ ಮೂರು ಸಲ ಐದೈದು ವರ್ಷ, ಆಮೇಲೆ ನಿಮ್ಮ ದಾರಿ ನೀವು ನೋಡ್ಕೋಬೇಕು. ಇನ್ನು ಕೆಲವು ಕಡೆ ಪಿಐ, ಅಂದ್ರೆ ಗ್ರಾಂಟ್ ಯಾರ ಹೆಸರಲ್ಲಿದೆಯೋ ಆ ಮುಖ್ಯ ಸಂಶೋಧಕರು, ಬೇರೆ ಯೂನಿವರ್ಸಿಟಿಗೆ ಹೋಗ್ತಾರೆ, ಗ್ರಾಂಟೂ ಅವರ ಜೊತೇಲೇ ಹೋಗುತ್ತೆ, ಎಂಆರ್‌ಐ ಸ್ಕ್ಯಾನರ್ ಮಾತ್ರ ಇಲ್ಲೇ ಕೂತಿರುತ್ತೆ. ಕಾರಣ ಏನೇ ಇರಲಿ, ನಡುವೆ ಮೂರು ತಿಂಗಳಿಂದ ಒಂದೂವರೆ ವರ್ಷದ ತನಕ ಒಂದು ಗ್ಯಾಪ್ ಬೀಳಬಹುದು, ಅದನ್ನ ದಾಟೋದು ಹೇಗೆ ಅನ್ನೋದಷ್ಟೇ ಇಲ್ಲಿ ಬರೀತಿರೋದು. ಗ್ರಾಂಟ್ ಗೆಲ್ಲೋದು ಹೇಗೆ ಅನ್ನೋದು ಬೇರೆ ವಿಷಯ, ಅದಕ್ಕೆ ಕೈ ಹಾಕಲ್ಲ.

ಹಣ ಕಮ್ಮಿ ಆದಾಗ ಎಲ್ಲರೂ ಮಾಡೋ ಕೆಲಸ ಅಂದ್ರೆ ಖರ್ಚಿನ ಪಟ್ಟಿ ತೆಗೆದು ದೊಡ್ಡ ಮೊತ್ತ ಎಲ್ಲಿದೆ ಅಂತ ನೋಡಿ ಅಲ್ಲಿ ಕತ್ತರಿ ಹಾಕೋದು. ಇಮೇಜಿಂಗ್ ಸೆಂಟರ್‌ನಲ್ಲಿ ಹೀಗೆ ಮಾಡಿದ್ರೆ ಕೆಡುತ್ತೆ. ಪ್ರತಿ ಖರ್ಚಿನ ಎದುರಿಗೂ ಕೇಳ್ಬೇಕಾದ ಪ್ರಶ್ನೆ ಒಂದೇ, ಇದನ್ನ ಆರು ತಿಂಗಳು ನಿಲ್ಲಿಸಿದ್ರೆ ಆಮೇಲೆ ಇದೇ ಸ್ಥಿತಿಗೆ ವಾಪಸ್ ತರೋಕಾಗುತ್ತಾ? ಆಗುತ್ತೆ ಅಂದ್ರೆ ಎಷ್ಟೇ ಮುಖ್ಯ ಅನ್ನಿಸಿದ್ರೂ ಸದ್ಯಕ್ಕೆ ನಿಲ್ಲಿಸಬಹುದು, ಆಗಲ್ಲ ಅಂದ್ರೆ ಎಷ್ಟೇ ದುಬಾರಿ ಆದ್ರೂ ಹೇಗಾದ್ರೂ ಮಾಡಿ ಉಳಿಸ್ಕೋಬೇಕು. ಹೊಸ ಸರ್ವರ್, ಕಾನ್ಫರೆನ್ಸ್ ಪ್ರಯಾಣ, ಹೊಸ ಪೈಲಟ್ ಸ್ಟಡಿ, ಹೊಸ ಹೆಡ್ ಕಾಯಿಲ್ (ತಲೆ ಸುತ್ತ ಇಟ್ಟು ಸಿಗ್ನಲ್ ಹಿಡಿಯೋ ಭಾಗ) ಇವೆಲ್ಲ ಕಾಯ್ತವೆ. ಮ್ಯಾಗ್ನೆಟ್, ಅನುಭವಿ ಜನ, ಅರ್ಧ ದಾರೀಲಿರೋ ಲಾಂಗಿಟ್ಯೂಡಿನಲ್ ಸ್ಟಡಿ (ಅದೇ ಜನರನ್ನ ಕಾಲಕಾಲಕ್ಕೆ ಮತ್ತೆ ಮತ್ತೆ ಸ್ಕ್ಯಾನ್ ಮಾಡೋದು), ಡೇಟಾ ಈ ನಾಲ್ಕು ಕಾಯಲ್ಲ.

ಕೆಲಸ ಶುರು ಮಾಡ್ಬೇಕಾದ್ದು ಗ್ರಾಂಟ್ ಮುಗಿಯೋಕೆ ಒಂದೂವರೆ ವರ್ಷ ಮುಂಚೆ. ಅಷ್ಟು ಬೇಗ ಯಾಕೆ ಅಂತ ಟೀಮಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ, ಕೇಳ್ಲಿ. ಮೊದಲು ಒಂದು ಸ್ಪ್ರೆಡ್‌ಶೀಟ್ ಮಾಡಿ, ಅದರಲ್ಲಿ ಸೆಂಟರ್‌ನ ಪ್ರತಿಯೊಬ್ಬ ವ್ಯಕ್ತಿ, ಪ್ರತಿಯೊಂದು ಬಿಲ್ಲು, ಪ್ರತಿಯೊಂದು ಲೈಸೆನ್ಸು ಒಂದೊಂದು ಸಾಲಲ್ಲಿ ಬರ್ಲಿ, ಎದುರಿಗೆ ಯಾವ ಅಕೌಂಟಿಂದ ದುಡ್ಡು ಹೋಗ್ತಿದೆ, ಆ ಅಕೌಂಟ್ ಯಾವತ್ತು ಮುಗಿಯುತ್ತೆ, ಕಾಂಟ್ರ್ಯಾಕ್ಟ್ ಯಾರ ಹೆಸರಲ್ಲಿದೆ ಅಂತ ಬರೀರಿ. ಸಂಬಳ, ಸರ್ವಿಸ್ ಕಾಂಟ್ರ್ಯಾಕ್ಟ್ ಎಲ್ಲರಿಗೂ ನೆನಪಿರುತ್ತೆ. ಮರೆತು ಹೋಗೋದು ಚಿಕ್ಕ ಚಿಕ್ಕವು, ಯಾವುದೋ ಪೋಸ್ಟ್‌ಡಾಕ್ ಪ್ರಾಜೆಕ್ಟ್ ಅಕೌಂಟಲ್ಲಿ ಓಡ್ತಿರೋ ಕ್ಲೌಡ್ ಬ್ಯಾಕಪ್, ಸ್ಟಿಮ್ಯುಲಸ್ ತೋರ್ಸೋ ಸಾಫ್ಟ್‌ವೇರ್‌ನ ಡಾಂಗಲ್, ಮ್ಯಾಟ್‌ಲ್ಯಾಬ್ ಟೂಲ್‌ಬಾಕ್ಸು, ಸೆಂಟರ್ ವೆಬ್‌ಸೈಟ್‌ನ ಡೊಮೈನು, ಸ್ಕ್ಯಾನ್ ಬುಕಿಂಗ್ ಸಾಫ್ಟ್‌ವೇರು, ಯಾರೋ ಬಿಟ್ಟು ಹೋದೋರ ಇಮೇಲ್‌ಗೆ ಹೋಗ್ತಿರೋ ಚಿಲ್ಲರ್‌ನ (ನೀರು ತಣ್ಣಗಿಡೋ ಯಂತ್ರದ) ಅಲಾರಂ. ಇವು ಒಂದೊಂದೂ ಸಣ್ಣ ಮೊತ್ತ, ಆದ್ರೆ ಕೆಟ್ಟ ಹೊತ್ತಲ್ಲಿ ಒಂದು ನಿಂತ್ರೂ ಇಡೀ ವಾರದ ಸ್ಕ್ಯಾನಿಂಗ್ ನಿಲ್ಲುತ್ತೆ. ಈ ಶೀಟ್‌ನ ಅಕೌಂಟ್ಸ್ ಸೆಕ್ಷನ್‌ನವರ ಜೊತೆ ಕೂತು ಮಾಡಿ, ಪಿಐ ಬಾಯಲ್ಲಿ ಕೇಳಿ ಮಾಡ್ಬೇಡಿ. ಪಿಐಗಳಿಗೆ ಸೈನ್ಸ್ ಗೊತ್ತು, ಯಾವ ಬಿಲ್ ಎಲ್ಲಿಂದ ಹೋಗ್ತಿದೆ ಅನ್ನೋದು ಅರ್ಧ ಜನಕ್ಕೂ ಗೊತ್ತಿರಲ್ಲ.

ಈಗ ಮ್ಯಾಗ್ನೆಟ್ ವಿಷಯ. ಆಡಳಿತದವರು ಮೀಟಿಂಗಲ್ಲಿ ಖಂಡಿತ ಕೇಳೋ ಮಾತು ಒಂದಿದೆ, ದುಡ್ಡು ಬರೋ ತನಕ ಸ್ಕ್ಯಾನರ್ ಆಫ್ ಮಾಡಿಡಬಹುದಲ್ವಾ ಅಂತ. ಅವರ ತಪ್ಪಿಲ್ಲ, ಬೇರೆ ಎಲ್ಲಾ ಮೆಷಿನ್ನೂ ಹಾಗೇ ತಾನೆ. ಉತ್ತರ ರೆಡಿ ಇಟ್ಕೊಂಡಿರಿ. ಸಾಮಾನ್ಯ 1.5 ಟೆಸ್ಲಾ, 3 ಟೆಸ್ಲಾ (ಟೆಸ್ಲಾ ಅಂದ್ರೆ ಮ್ಯಾಗ್ನೆಟ್ ಬಲದ ಅಳತೆ) ಸ್ಕ್ಯಾನರ್ ಒಳಗಿರೋದು ನಯೋಬಿಯಂ-ಟೈಟೇನಿಯಂ ತಂತಿಯ ಸೂಪರ್‌ಕಂಡಕ್ಟಿಂಗ್ ಕಾಯಿಲ್, ಅದು ಸುಮಾರು 4.2 ಕೆಲ್ವಿನ್‌ನಲ್ಲಿ, ಅಂದ್ರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾವಿರ ಲೀಟರಿಗೂ ಮೇಲೆ ಲಿಕ್ವಿಡ್ ಹೀಲಿಯಂನಲ್ಲಿ ಮುಳುಗಿರುತ್ತೆ. ಒಂದ್ಸಲ ಕರೆಂಟ್ ತುಂಬಿಸಿದ್ರೆ ಆಮೇಲೆ ಹೊರಗಿನ ಪವರ್ ಇಲ್ದೆನೇ ಅದು ಸುತ್ತುತ್ತಾ ಇರುತ್ತೆ, ಹಾಗಾಗಿ ಬಿಲ್ಡಿಂಗ್‌ಗೆ ಕರೆಂಟ್ ಹೋದ್ರೂ ಮ್ಯಾಗ್ನೆಟಿಕ್ ಫೀಲ್ಡ್ ಮಾತ್ರ ಹೋಗಲ್ಲ. ಆದ್ರೆ ಹೀಲಿಯಂ ಆವಿಯಾಗದ ಹಾಗೆ ನೋಡ್ಕೊಳ್ಳೋದು ಕೋಲ್ಡ್ ಹೆಡ್, ಅದಕ್ಕೆ ಕಂಪ್ರೆಸರ್ ಬೇಕು, ಕಂಪ್ರೆಸರ್‌ಗೆ ಚಿಲ್ಲರ್ ನೀರು ಬೇಕು, ಈ ಮೂರೂ ದಿನದ 24 ಗಂಟೆ ಓಡ್ತಾನೇ ಇರ್ಬೇಕು, ಒಬ್ಬರೇ ಒಬ್ಬರನ್ನ ಸ್ಕ್ಯಾನ್ ಮಾಡ್ದಿದ್ರೂ ಸರಿ. ಹಾಲು ಬತ್ತಿದ ಹಸುಗೂ ಮೇವು ಹಾಕಲೇಬೇಕಲ್ಲ, ಹಾಗೇ ಇದು. ಮೇವು ನಿಲ್ಲಿಸಿದ್ರೆ ಹೀಲಿಯಂ ಆವಿಯಾಗುತ್ತೆ, ಮಟ್ಟ ಇಳೀತಾ ಇಳೀತಾ ಒಂದು ಹಂತದಲ್ಲಿ ಕ್ವೆಂಚ್ ಆಗುತ್ತೆ, ಅಂದ್ರೆ ಕಾಯಿಲ್ ಬಿಸಿಯಾಗಿ ಫೀಲ್ಡ್ ಒಮ್ಮೆಗೇ ಬಿದ್ದುಹೋಗುತ್ತೆ, ಮತ್ತೆ ತುಂಬಿಸಿ ತಣ್ಣಗೆ ಮಾಡಿ ರ‍್ಯಾಂಪ್ ಮಾಡಿ ಶಿಮ್ ಮಾಡೋ (ಮತ್ತೆ ಕರೆಂಟ್ ತುಂಬಿಸಿ ಫೀಲ್ಡ್ ಎಲ್ಲ ಕಡೆ ಸಮ ಮಾಡೋ) ಖರ್ಚು ಎಷ್ಟೋ ತಿಂಗಳ ಕರೆಂಟ್ ಬಿಲ್ ನುಂಗುತ್ತೆ, ಮ್ಯಾಗ್ನೆಟ್‌ಗೇ ಏಟು ಬೀಳೋ ಸಾಧ್ಯತೆಯೂ ಇದೆ. ಅದ್ರಲ್ಲೂ ಹೀಲಿಯಂ ಯಾವಾಗ್ಲೂ ಸಿಗುತ್ತೆ ಅನ್ನೋ ಹಾಗಿಲ್ಲ, 2022ರಲ್ಲಿ ಪ್ರಪಂಚದ ತುಂಬಾ ಕೊರತೆ ಆಗಿತ್ತು. ಈಚೆಗೆ ಬಂದಿರೋ ಸೀಲ್ಡ್ ಮ್ಯಾಗ್ನೆಟ್‌ಗಳಲ್ಲಿ ಕೆಲವೇ ಲೀಟರ್ ಹೀಲಿಯಂ ಇರುತ್ತೆ, ನಿಮ್ಮದು ಆ ಥರದ್ದಾದ್ರೆ ಲೆಕ್ಕ ಬೇರೆ, ಆದ್ರೆ ತಣ್ಣಗಿಡೋ ಕೆಲಸ ಅಲ್ಲೂ ನಿಲ್ಲಿಸೋಹಾಗಿಲ್ಲ.

ಹೀಗಾಗಿ ಬಜೆಟ್ ಶೀಟಲ್ಲಿ ಸ್ಕ್ಯಾನರ್ ಖರ್ಚನ್ನ ಎರಡು ಭಾಗ ಮಾಡಿ ತೋರ್ಸಿ. ಒಂದು, ಸ್ಕ್ಯಾನ್ ಮಾಡ್ಲಿ ಬಿಡ್ಲಿ ಆಗೋ ಖರ್ಚು, ಇನ್ನೊಂದು, ಸ್ಕ್ಯಾನ್ ಮಾಡಿದ್ರೆ ಮಾತ್ರ ಆಗೋದು. ಎರಡನೇದು ನೋಡಿದ್ರೆ ಆಶ್ಚರ್ಯ ಆಗೋವಷ್ಟು ಚಿಕ್ಕದಿರುತ್ತೆ. ಇದನ್ನ ನೋಡಿದ ಮೇಲೆ ಸ್ಕ್ಯಾನಿಂಗ್ ನಿಲ್ಲಿಸಿ ಉಳಿತಾಯ ಮಾಡೋಣ ಅನ್ನೋ ಮಾತು ತಾನಾಗೇ ನಿಲ್ಲುತ್ತೆ.

ಸರ್ವಿಸ್ ಕಾಂಟ್ರ್ಯಾಕ್ಟ್, ಎಎಂಸಿ ಅಂತೀವಲ್ಲ, ಅದು ಸಾಮಾನ್ಯವಾಗಿ ದೊಡ್ಡ ಬಿಲ್ಲುಗಳಲ್ಲಿ ಒಂದು, ಎಲ್ಲರ ಕಣ್ಣೂ ಅದರ ಮೇಲೇ ಬೀಳೋದು. ಪೂರ್ತಿ ಬಿಡ್ಬೇಡಿ. ಕಾಂಟ್ರ್ಯಾಕ್ಟ್ ತಪ್ಪಿಹೋದ್ರೆ ಮತ್ತೆ ಸೇರೋವಾಗ ಮೊದಲು ಇನ್‌ಸ್ಪೆಕ್ಷನ್ ಮಾಡಿಸಿ, ಕೆಟ್ಟಿರೋದನ್ನೆಲ್ಲ ನಿಮ್ಮ ದುಡ್ಡಲ್ಲಿ ರಿಪೇರಿ ಮಾಡಿಸಿ ಅಂತಾರೆ. ಆದ್ರೆ ಕಮ್ಮಿ ಮಾಡಿಸೋಕೆ ಜಾಗ ಇದೆ. ರಾತ್ರಿ, ವಾರಾಂತ್ಯದ ಕವರೇಜ್ ಬೇಕಾ? ರಿಸರ್ಚ್ ಸ್ಕ್ಯಾನರ್‌ಗೆ ನಾಲ್ಕು ಗಂಟೆ ಒಳಗೆ ಎಂಜಿನಿಯರ್ ಬರ್ಲೇಬೇಕಾ, ಮಾರನೇ ದಿನ ಬಂದ್ರೆ ಸಾಕಲ್ವಾ? ವಾರಕ್ಕೊಮ್ಮೆ ಬಳಸೋ ಕಾಯಿಲ್‌ನ ಕವರೇಜ್ ಬಿಡಬಹುದಾ? ಈ ಥರ ಮಾತಾಡಿ. ಕೋಲ್ಡ್ ಹೆಡ್, ಹೀಲಿಯಂ, ಗ್ರೇಡಿಯಂಟ್ (ಸಿಗ್ನಲ್ ಎಲ್ಲಿಂದ ಬಂತು ಅಂತ ಗುರುತಿಸೋಕೆ ಬೇಕಾದ ಕಾಯಿಲ್) ಈ ಮೂರರ ಕವರೇಜ್ ಮಾತ್ರ ಮುಟ್ಬೇಡಿ. ಕೋಲ್ಡ್ ಹೆಡ್ ಕೆಲವು ವರ್ಷಕ್ಕೊಮ್ಮೆ ಬದಲಾಯಿಸ್ಲೇಬೇಕಾದ ಪಾರ್ಟು, ನಿಮ್ಮದು ಹಾಕಿ ಎಷ್ಟು ವರ್ಷ ಆಯ್ತು ಅಂತ ಈಗ್ಲೇ ನೋಡಿ, ಹತ್ತಿರ ಬಂದಿದ್ರೆ ಹಳೇ ಗ್ರಾಂಟ್ ಇರೋವಾಗ್ಲೇ ಬದಲಾಯಿಸ್ಕೊಳ್ಳಿ. ಇನ್ನೊಂದು ಉಪಾಯ, ಕಾಂಟ್ರ್ಯಾಕ್ಟ್ ಮುಗಿಯೋ ದಿನ ಗ್ರಾಂಟ್ ಮುಗಿಯೋ ದಿನದ ಮೇಲೇ ಬೀಳದ ಹಾಗೆ ನೋಡ್ಕೊಳ್ಳಿ. ಗ್ರಾಂಟ್ ಅವಧಿ ದಾಟಿದ ತಿಂಗಳುಗಳಿಗೆ ಮುಂಗಡ ಕಟ್ಟೋಕೆ ಬಿಡ್ತಾರಾ ಅನ್ನೋದು ಫಂಡರ್ ಮೇಲೆ ಹೋಗುತ್ತೆ, ತುಂಬಾ ಕಡೆ ಬಿಡಲ್ಲ, ಬರಹದಲ್ಲಿ ಕೇಳಿ ಉತ್ತರ ಇಟ್ಕೊಳ್ಳಿ.

ಸೇಫ್ಟಿ ಬಗ್ಗೆ ಜಾಸ್ತಿ ಹೇಳೋದಿಲ್ಲ, ಹೇಳೋದಿಷ್ಟೇ. ಜನ ಕಮ್ಮಿ ಇದಾರೆ ಅಂತ ಒಬ್ಬರೇ ಸ್ಕ್ಯಾನ್ ಮಾಡೋ ಪದ್ಧತಿ ಶುರು ಮಾಡ್ಬೇಡಿ. 2001ರಲ್ಲಿ ಅಮೆರಿಕದಲ್ಲಿ ಸ್ಕ್ಯಾನ್ ರೂಮೊಳಗೆ ಬಂದ ಆಕ್ಸಿಜನ್ ಸಿಲಿಂಡರ್ ಹಾರಿ ಬಡಿದು ಒಂದು ಮಗು ತೀರಿಹೋಯ್ತು, ಆಮೇಲೆ ತಾನೆ ಮ್ಯಾಗ್ನೆಟ್ ಹತ್ತಿರ ಹೋದಷ್ಟೂ ಪ್ರವೇಶ ಬಿಗಿ ಮಾಡೋ ನಾಲ್ಕು ಝೋನ್ ಪದ್ಧತಿ, ಟ್ರೇನಿಂಗ್ ಇದೆಲ್ಲ ಗಟ್ಟಿಯಾಗಿ ಬಂದಿದ್ದು. ಸ್ಕ್ಯಾನಿಂಗ್ ಇಲ್ಲದ ದಿನ ಕ್ಲೀನಿಂಗ್‌ನವರು, ಪೈಂಟಿಂಗ್‌ನವರು ಬರ್ತಾರೆ, ಮೆಷಿನ್ ಆಫ್ ಇದೆ ಅಂದ್ಕೊಂಡು ಒಳಗೆ ಹೋಗ್ತಾರೆ. ಕೆಲಸ ಕಮ್ಮಿ ಇರೋ ಗ್ಯಾಪ್‌ನಲ್ಲಿ ಈ ಅಪಾಯ ಜಾಸ್ತಿನೇ ಆಗುತ್ತೆ. ಬಾಗಿಲಿಗೆ ಬೀಗ, ಆಕ್ಸಿಜನ್ ಸೆನ್ಸರ್ (ಹೀಲಿಯಂ ಸೋರಿ ರೂಮಲ್ಲಿ ಆಕ್ಸಿಜನ್ ಇಳಿದ್ರೆ ಎಚ್ಚರಿಸೋದು), ಟ್ರೇನಿಂಗ್ ರಿಜಿಸ್ಟರ್ ಎಲ್ಲ ಮಾಮೂಲಿನ ಹಾಗೇ ನಡೀಬೇಕು.

ಜನರ ವಿಷಯಕ್ಕೆ ಬಂದ್ರೆ ಇದೇ ಎಲ್ಲಕ್ಕಿಂತ ಕಷ್ಟದ್ದು. ಸೆಂಟರ್‌ನಲ್ಲಿ ಮೂರು ಥರದ ಜನ ಇರ್ತಾರೆ, ಅವರು ಹೋದ್ರೆ ಜಾಹೀರಾತು ಹಾಕಿದ ತಕ್ಷಣ ಇನ್ನೊಬ್ಬರು ಸಿಗಲ್ಲ. ಒಬ್ಬರು ಎಂಆರ್ ಫಿಸಿಸಿಸ್ಟ್, ಪಲ್ಸ್ ಸೀಕ್ವೆನ್ಸ್ (ಚಿತ್ರ ತೆಗೆಯೋಕೆ ಸ್ಕ್ಯಾನರ್‌ಗೆ ಕೊಡೋ ಸೂಚನೆಗಳ ಕ್ರಮ) ಬದಲಾಯಿಸೋಕೆ ಬರೋರು, ಚಿತ್ರದಲ್ಲಿ ಒಂದು ಗೆರೆ ಕಂಡ್ರೆ ಇದು ಕಾಯಿಲ್‌ದು ಇದು ಪೇಶಂಟ್ ಅಲ್ಲಾಡಿದ್ದು ಅಂತ ಹೇಳೋರು. ಇನ್ನೊಬ್ಬರು ಹಿರಿಯ ಟೆಕ್ನಾಲಜಿಸ್ಟ್, ಹೆದರ್ಕೊಂಡಿರೋ ಮಗೂನೂ ಅಲ್ಲಾಡದೆ ಮಲಗಿಸೋಕೆ ಗೊತ್ತಿರೋರು. ಮೂರನೇ ಅವರು ಡೇಟಾ ಮ್ಯಾನೇಜರ್, ಇವರನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಹೋದ ಮೇಲೆ ಗೊತ್ತಾಗೋದು ಯಾವ ಫೋಲ್ಡರ್‌ನಲ್ಲಿ ಏನಿದೆ ಅಂತ ಅವರೊಬ್ಬರಿಗೇ ಗೊತ್ತಿತ್ತು ಅಂತ. ಈ ಮೂರು ಹುದ್ದೆನ ಒಂದೇ ಗ್ರಾಂಟ್ ಮೇಲೆ ನೂರಕ್ಕೆ ನೂರು ಕೂರಿಸಿದ್ರೆ ಒಂದು ವರ್ಷ ಮುಂಚೆನೇ ಬಿಡಿಸೋಕೆ ಶುರು ಮಾಡಿ. ಸೆಂಟರ್ ಬಳಸೋ ಬೇರೆ ಪಿಐಗಳ ಪ್ರಾಜೆಕ್ಟ್‌ಗಳಿಗೆ ಇವರ ಸಮಯದ 10 ಪರ್ಸೆಂಟ್, 20 ಪರ್ಸೆಂಟ್ ಹಂಚಿ. ಅವರು ಆ ಪ್ರಾಜೆಕ್ಟಿಗೆ ನಿಜವಾಗ್ಲೂ ಅಷ್ಟು ಕೆಲಸ ಮಾಡ್ತಿರ್ಬೇಕು ಮತ್ತೆ, ಕಾಗದದ ಮೇಲೆ ಹಂಚಿ ಕೆಲಸ ಬೇರೆ ಮಾಡಿಸಿದ್ರೆ ಆಡಿಟ್‌ನಲ್ಲಿ ಸಿಕ್ಕಿಬೀಳ್ತೀರ. ಹೊಸ ಪ್ರಪೋಸಲ್ ಬರೆಯೋ ಪಿಐಗಳಿಗೆ ಈಗ್ಲೇ ಹೇಳಿಟ್ಟಿರಿ, ಬಜೆಟ್‌ನಲ್ಲಿ ಸ್ಕ್ಯಾನ್ ಗಂಟೆ ಮಾತ್ರ ಹಾಕ್ಬೇಡಿ, ಫಿಸಿಸಿಸ್ಟ್ ಸಮಯನೂ ಹಾಕಿ ಅಂತ.

ಅವರಿಗೆ ನಿಜ ಹೇಳಿ. ಅದೂ ತಾರೀಖಿನ ಸಮೇತ ಹೇಳಿ. ನಿಮ್ಮ ಸಂಬಳ ಇಂಥ ತಿಂಗಳ ತನಕ ಗ್ಯಾರಂಟಿ ಇದೆ, ಆಮೇಲಿನ ಎರಡು ತಿಂಗಳು ಡಿಪಾರ್ಟ್‌ಮೆಂಟ್ ಕೊಡ್ತೀನಿ ಅಂದಿದೆ, ಅದಾದ ಮೇಲಿಂದು ಇನ್ನೂ ಗೊತ್ತಿಲ್ಲ, ಇಂಥ ದಿನ ಮತ್ತೆ ಹೇಳ್ತೀನಿ. ಇಷ್ಟು ಹೇಳಿದ್ರೆ ಜನ ಉಳೀತಾರೆ ಅಂತ ಖಾತ್ರಿ ಏನಿಲ್ಲ, ಆದ್ರೆ ಏನೂ ಹೇಳ್ದೆ ಎಲ್ಲ ಸರಿ ಹೋಗುತ್ತೆ ಬಿಡಿ ಅಂತ ತೇಲಿಸಿದ್ರೆ ಮಾತ್ರ ಒಳ್ಳೆಯೋರೇ ಮೊದಲು ಹೋಗ್ತಾರೆ, ಯಾಕಂದ್ರೆ ಬೇರೆ ಕಡೆ ಕೆಲಸ ಮೊದಲು ಸಿಗೋದು ಅವರಿಗೇ. ಹೋಗೋರನ್ನ ತಡೆಯೋಕಾಗ್ದಿದ್ರೆ ಹೋಗೋಕೆ ಮುಂಚೆ ಅವರ ಕೈಲಿ ಬರೆಸ್ಕೊಳ್ಳಿ, ಅದೂ ಉದ್ದದ ಮ್ಯಾನ್ಯುಯಲ್ ಅಲ್ಲ, ಅದನ್ನ ಯಾರೂ ಓದಲ್ಲ. ಸ್ಕ್ಯಾನರ್ ಕನ್ಸೋಲ್‌ನ ಪ್ರತಿ ಪ್ರೋಟೋಕಾಲ್ ಎಕ್ಸ್‌ಪೋರ್ಟ್ ಮಾಡಿ ತಾರೀಖು ಹಾಕಿ ಇಡಿ, ಜೊತೆಗೆ ಅದು ಯಾಕೆ ಹಾಗಿದೆ ಅಂತ ಎರಡು ಸಾಲು. ಇನ್ನೊಬ್ಬರು ಎದುರಿಗೆ ಕೂತು ಆ ಕೆಲಸ ಒಂದ್ಸಲ ತಾವೇ ಮಾಡಿ ನೋಡ್ಲಿ, ಮೂಲದವರು ಕೈ ಕಟ್ಕೊಂಡು ಪಕ್ಕದಲ್ಲಿ ನಿಂತಿರ್ಲಿ, ಆಗ ಏನು ಬಿಟ್ಟುಹೋಗಿದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ.

ಗಂಟೆ ರೇಟಿನ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ, ಎಷ್ಟೋ ಸೆಂಟರ್‌ಗಳು ಮುಳುಗೋದು ಇಲ್ಲೇ. ಸುಮ್ನೆ ಲೆಕ್ಕಕ್ಕೆ ಅಂತ, ವರ್ಷದ ಫಿಕ್ಸೆಡ್ ಖರ್ಚು 12 ಲಕ್ಷ ಅಂದ್ಕೊಳ್ಳಿ, ಯಾವ ಕರೆನ್ಸಿ ಬೇಕಾದ್ರೂ ಇಟ್ಕೊಳ್ಳಿ. ವರ್ಷಕ್ಕೆ 1,500 ಗಂಟೆ ಸ್ಕ್ಯಾನಿಂಗ್ ಆಗುತ್ತೆ. ಗಂಟೆಗೆ ನಿಜವಾದ ಖರ್ಚು 800. ಇಷ್ಟು ದಿನ ಸೆಂಟರ್ ಗ್ರಾಂಟು ಅರ್ಧ ಕೊಡ್ತಿತ್ತು, ಹಾಗಾಗಿ ಬಳಸೋರು ಕೊಡ್ತಿದ್ದದ್ದು 400. ಗ್ರಾಂಟ್ ನಿಂತಿತು, ರೇಟ್ 800 ಮಾಡಿದ್ರಿ. ಬಳಸೋರ ಬಜೆಟ್ ಮೊದಲೇ ಫಿಕ್ಸ್ ಆಗಿರುತ್ತೆ, ಅವರು ಗಂಟೆ ಕಮ್ಮಿ ಮಾಡ್ತಾರೆ, 1,500 ಇದ್ದದ್ದು 1,000ಕ್ಕೆ ಇಳೀತು. ಖರ್ಚು ಅಷ್ಟೇ ಇದೆ, ಈಗ ಗಂಟೆಗೆ 1,200 ಆಯ್ತು. ರೇಟ್ ಮತ್ತೆ ಏರಿಸಿದ್ರೆ ಗಂಟೆ 750ಕ್ಕೆ ಬಂತು, ಗಂಟೆಗೆ 1,600. ಹೀಗೇ ಹೋದ್ರೆ ಒಂದಿನ ರೇಟ್ ಇರುತ್ತೆ, ಬಳಸೋರು ಇರಲ್ಲ.

ಇದರಿಂದ ತಪ್ಪಿಸ್ಕೊಳ್ಳೋಕೆ ರೇಟ್‌ನ ಒಂದೇ ಏಟಿಗೆ ಏರಿಸ್ಬೇಡಿ, ಎರಡು ಮೂರು ವರ್ಷದಲ್ಲಿ ಹಂತ ಹಂತವಾಗಿ ಏರಿಸ್ತೀವಿ ಅಂತ ಒಂದು ವರ್ಷ ಮುಂಚೆನೇ ಘೋಷಿಸಿ, ಹೊಸ ಪ್ರಪೋಸಲ್ ಬರೆಯೋರು ಆ ರೇಟ್ ಹಾಕ್ಕೊಂಡು ಬರೀತಾರೆ. ಈಗಾಗ್ಲೇ ನಡೀತಿರೋ ಪ್ರಾಜೆಕ್ಟ್‌ಗಳಿಗೆ ಹಳೇ ರೇಟ್ ಮುಂದುವರಿಸ್ತೀವಿ ಅನ್ನೋ ಆಸೆ ಬರುತ್ತೆ, ಆದ್ರೆ ಒಂದೇ ಸೇವೆಗೆ ಒಳಗಿನ ಬಳಕೆದಾರರಲ್ಲಿ ಒಬ್ಬರಿಗೊಂದು ಇನ್ನೊಬ್ಬರಿಗೊಂದು ರೇಟ್ ಹಾಕೋದಕ್ಕೆ ತುಂಬಾ ಫಂಡರ್‌ಗಳು ಒಪ್ಪಲ್ಲ. ಎಲ್ಲರಿಗೂ ಒಂದೇ ನಿಯಮ ಇರೋ ಹಾಗೆ ಮಾಡಿ, ಉದಾಹರಣೆಗೆ ಸಂಜೆ ಮತ್ತು ವಾರಾಂತ್ಯದ ಗಂಟೆಗೆ ಕಮ್ಮಿ ರೇಟ್, ಯಾರು ಬಂದ್ರೂ ಅದೇ. ಹೊರಗಿನ ಕಂಪನಿಗಳಿಗೆ ಪೂರ್ತಿ ಖರ್ಚಿನ ಮೇಲೆ ಸ್ವಲ್ಪ ಸೇರ್ಸಿ ಹಾಕಬಹುದು. ಆದ್ರೆ ಕಂಪನಿ ಸ್ಟಡಿ ಬಂದ್ರೆ ಎಲ್ಲ ಸರಿಹೋಗುತ್ತೆ ಅಂತ ಕನಸು ಕಾಣ್ಬೇಡಿ, ಕಾಂಟ್ರ್ಯಾಕ್ಟ್ ಸೈನ್ ಆಗೋಕೇ ಎಷ್ಟೋ ತಿಂಗಳು ಹಿಡಿಯುತ್ತೆ, ಗ್ಯಾಪ್ ಮುಗಿದ ಮೇಲೆ ದುಡ್ಡು ಬರುತ್ತೆ.

ಉಳಿದ ವ್ಯತ್ಯಾಸ ಯಾರು ತುಂಬ್ತಾರೆ? ಸಂಸ್ಥೆ ತುಂಬ್ಬೇಕು, ಅದಕ್ಕೇ ಬ್ರಿಡ್ಜ್ ಫಂಡಿಂಗ್ ಅನ್ನೋದು. ಡೀನ್ ಹತ್ರ ಹೋಗೋವಾಗ 20 ಪೇಜ್ ರಿಪೋರ್ಟ್ ತಗೊಂಡು ಹೋಗ್ಬೇಡಿ, ಒಂದೇ ಒಂದು ಪೇಜು ಸಾಕು. ಅದರಲ್ಲಿ ತಿಂಗಳಿಗೆ ಕನಿಷ್ಠ ಎಷ್ಟು ಬೇಕು, ಎಷ್ಟು ತಿಂಗಳು ಬೇಕು, ಕೊಡ್ದಿದ್ರೆ ಆಮೇಲೆ ಸೆಂಟರ್ ಮತ್ತೆ ಎಬ್ಬಿಸೋಕೆ ಎಷ್ಟಾಗುತ್ತೆ ಅನ್ನೋ ಲೆಕ್ಕ, ಈ ಸೆಂಟರ್ ಮೇಲೆ ನಿಂತಿರೋ ಬೇರೆ ಪ್ರಾಜೆಕ್ಟ್‌ಗಳ ಒಟ್ಟು ಮೊತ್ತ, ಇಷ್ಟಿರ್ಲಿ. ಕೊನೇದು ತುಂಬಾ ಕೆಲಸ ಮಾಡುತ್ತೆ. ಸೆಂಟರ್‌ಗೆ ಅಂತ ಕೇಳಿದ್ರೆ ಒಬ್ಬ ಪ್ರೊಫೆಸರ್‌ನ ಕಷ್ಟ ಅನ್ನಿಸುತ್ತೆ, ಹದಿನೈದು ಜನರ ಪ್ರಾಜೆಕ್ಟ್ ನಿಲ್ಲುತ್ತೆ ಅಂದ್ರೆ ಆಗ ಸಂಸ್ಥೆಯ ಕಷ್ಟ ಆಗುತ್ತೆ. ಮೂರು ಸನ್ನಿವೇಶ ಬರ್ಕೊಂಡು ಹೋಗಿ, ಗ್ರಾಂಟ್ ಟೈಮಿಗೆ ಬಂದ್ರೆ, ಆರು ತಿಂಗಳು ತಡ ಆದ್ರೆ, ಬರ್ದೇ ಇದ್ರೆ. ಮೂರನೇದು ಬರೆಯೋಕೆ ಯಾರಿಗೂ ಮನಸ್ಸಿರಲ್ಲ, ಪಿಐಗಂತೂ ಇರೋದೇ ಇಲ್ಲ, ಆದ್ರೂ ಬರೀರಿ. ಡೀನ್ ಮೊದಲು ಓದೋದು ಅದನ್ನೇ.

ಫಂಡರ್ ಜೊತೆಗೂ ಮಾತು ನಡೀತಿರ್ಲಿ. ಗ್ರಾಂಟಲ್ಲಿ ಸ್ವಲ್ಪ ದುಡ್ಡು ಉಳಿದಿದ್ರೆ ನೋ-ಕಾಸ್ಟ್ ಎಕ್ಸ್‌ಟೆನ್ಷನ್ ಕೇಳಬಹುದು, ಅಂದ್ರೆ ಹೊಸ ಹಣ ಇಲ್ಲ, ಉಳಿದಿದ್ದನ್ನ ಖರ್ಚು ಮಾಡೋಕೆ ಜಾಸ್ತಿ ಸಮಯ. ಆದ್ರೆ ದುಡ್ಡು ಉಳಿದಿದೆ ಅನ್ನೋದನ್ನೇ ಕಾರಣ ಅಂತ ಬರೀಬೇಡಿ, ಇಂಥ ಕೆಲಸ ಬಾಕಿ ಇದೆ, ಇಷ್ಟು ಜನರ ಫಾಲೋ-ಅಪ್ ಸ್ಕ್ಯಾನ್ ಬಾಕಿ ಇದೆ ಅಂತ ಬರೀರಿ. ಇದನ್ನ ಕೇಳೋಕೆ ಒಂದು ಕೊನೇ ದಿನ ಇರುತ್ತೆ, ಅದು ಗ್ರಾಂಟ್ ಮುಗಿಯೋ ದಿನಕ್ಕಿಂತ ಮುಂಚೆನೇ ಇರುತ್ತೆ, ದಾಟಿದ್ರೆ ಯಾರೂ ಏನೂ ಮಾಡೋಕಾಗಲ್ಲ. ಪ್ರೋಗ್ರಾಂ ಆಫೀಸರ್‌ಗೆ ಫೋನ್ ಮಾಡೋಕೆ ಸಂಕೋಚ ಪಡೋ ಜನ ಇದಾರೆ, ಪ್ರಶ್ನೆಗೆ ಉತ್ತರ ಹೇಳೋದು ಅವರ ಕೆಲಸದ ಭಾಗನೇ.

ಈಗ ಅರ್ಧ ದಾರೀಲಿರೋ ಸ್ಟಡಿಗಳು. ಒಬ್ಬರನ್ನ ಇವತ್ತು ಸ್ಕ್ಯಾನ್ ಮಾಡಿ, 12 ತಿಂಗಳಾದ ಮೇಲೆ ಮತ್ತೆ, 24 ತಿಂಗಳಾದ ಮೇಲೆ ಮತ್ತೆ ಅಂತ ಪ್ಲಾನ್ ಇದ್ರೆ, ಆ 12ನೇ ತಿಂಗಳ ಸ್ಕ್ಯಾನ್ ಗ್ಯಾಪಲ್ಲಿ ತಪ್ಪಿದ್ರೆ ಆಮೇಲೆ ಎಷ್ಟು ಕೋಟಿ ಕೊಟ್ರೂ ಅದು ವಾಪಸ್ ಬರಲ್ಲ. ಹಾಗಾಗಿ ಗಂಟೆ ಕಮ್ಮಿ ಇರೋವಾಗ ಯಾರಿಗೆ ಮೊದಲು ಅನ್ನೋದಕ್ಕೆ ಒಂದು ಕ್ರಮ ಬರೆದಿಡಿ. ವಿಸಿಟ್ ವಿಂಡೋ (ಸ್ಕ್ಯಾನ್‌ಗೆ ಬರಬೇಕಾದ ಅವಧಿ) ಮುಗೀತಿರೋರು ಮೊದಲು, ಅವರಾದ ಮೇಲೆ ಪಿಎಚ್‌ಡಿ ಕೊನೇ ವರ್ಷದೋರು, ಹೊಸ ಎನ್‌ರೋಲ್‌ಮೆಂಟ್ ಕೊನೇಲಿ. ಹೊಸಬರನ್ನ ಸೇರಿಸ್ಕೊಂಡು ಅವರ ಎರಡನೇ ಸ್ಕ್ಯಾನ್‌ಗೆ ದುಡ್ಡಿಲ್ಲ ಅಂತ ಆದ್ರೆ ಮೊದಲನೇ ಸ್ಕ್ಯಾನೂ ಅರ್ಧ ವ್ಯರ್ಥ, ಬಂದೋರ ಸಮಯನೂ ವ್ಯರ್ಥ. ಈ ಕ್ರಮನ ಯೂಸರ್ ಕಮಿಟಿ ಒಪ್ಪಿಗೆ ತಗೊಂಡೇ ಜಾರಿಗೆ ತನ್ನಿ, ಇಲ್ದಿದ್ರೆ ಸೀನಿಯರ್ ಪ್ರೊಫೆಸರ್‌ಗಳು ಒಬ್ಬೊಬ್ಬರಾಗಿ ಬುಕಿಂಗ್ ಮಾಡೋ ಹುಡುಗಿ ಮೇಲೆ ಒತ್ತಡ ಹಾಕ್ತಾರೆ, ಪಾಪ ಆಕೆ ಏನು ಮಾಡ್ಬೇಕು.

ಎಥಿಕ್ಸ್ ಕಮಿಟಿ ಕಾಗದಾನೂ ನೋಡಿ. ಕನ್ಸೆಂಟ್ ಫಾರ್ಮಲ್ಲಿ ಹಳೇ ಫಂಡರ್ ಹೆಸರಿರುತ್ತೆ, ಪಿಐ ಬದಲಾಗಿರಬಹುದು, ಅಪ್ರೂವಲ್ ಅವಧಿ ಗ್ಯಾಪಲ್ಲೇ ಮುಗೀಬಹುದು. ದುಡ್ಡಿಲ್ಲ ಅಂತ ಸ್ಕ್ಯಾನ್ ನಿಂತಿದ್ರೂ ಅಪ್ರೂವಲ್ ಜೀವಂತ ಇಡಿ. ಆಮೇಲೆ ಸ್ಕ್ಯಾನಲ್ಲಿ ಆಕಸ್ಮಿಕವಾಗಿ ಏನಾದ್ರೂ ಗಡ್ಡೆ ಗಿಡ್ಡೆ ಕಂಡ್ರೆ ರೇಡಿಯಾಲಜಿಸ್ಟ್‌ಗೆ ತೋರ್ಸಿ ಆ ವ್ಯಕ್ತಿಗೆ ತಿಳಿಸೋ ವ್ಯವಸ್ಥೆ ಇರುತ್ತಲ್ಲ, ಅದರ ದುಡ್ಡು ಯಾವ ಅಕೌಂಟಲ್ಲಿತ್ತು ಅಂತ ಒಂದ್ಸಲ ನೋಡಿ. ಗ್ರಾಂಟ್ ಮುಗೀತು ಅಂತ ಆ ಜವಾಬ್ದಾರಿ ಮುಗಿಯಲ್ಲ.

ಗ್ಯಾಪ್ ಹೊತ್ತಲ್ಲಿ ಟೆಕ್ನಿಕಲ್ ಜನಕ್ಕೆ ಒಂದು ಆಸೆ ಹುಟ್ಟುತ್ತೆ, ಸ್ಕ್ಯಾನಿಂಗ್ ಕಮ್ಮಿ ಇದೆ, ಈಗ್ಲೇ ಸ್ಕ್ಯಾನರ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡ್ಬಿಡೋಣ, ಸರ್ವರ್ ಬದಲಾಯಿಸ್ಬಿಡೋಣ ಅಂತ. ಸ್ವಲ್ಪ ತಡೀರಿ. 2012ರಲ್ಲಿ ಪ್ಲಾಸ್ ಒನ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ ಅದೇ ಚಿತ್ರಗಳನ್ನ ಫ್ರೀಸರ್ಫರ್ ಅನ್ನೋ ಮೆದುಳಿನ ಚಿತ್ರ ಅಳೆಯೋ ಸಾಫ್ಟ್‌ವೇರ್‌ನ ಬೇರೆ ಬೇರೆ ವರ್ಷನ್‌ನಲ್ಲಿ ಹಾಕಿ ನೋಡಿದ್ರು, ಮೆದುಳಿನ ಭಾಗಗಳ ವಾಲ್ಯೂಮ್ ಸರಾಸರಿ 8.8 ಪರ್ಸೆಂಟ್, ಕಾರ್ಟೆಕ್ಸ್ ದಪ್ಪ 2.8 ಪರ್ಸೆಂಟ್ ವ್ಯತ್ಯಾಸ ಬಂತು. ಕಂಪ್ಯೂಟರ್, ಆಪರೇಟಿಂಗ್ ಸಿಸ್ಟಂ ಬದಲಾದ್ರೂ ವ್ಯತ್ಯಾಸ ಕಂಡಿತ್ತು. ನೀವು ಹುಡುಕ್ತಿರೋ ಕಾಯಿಲೆಯ ಪರಿಣಾಮವೇ ಕೆಲವು ಸಲ ಅಷ್ಟಿರಲ್ಲ. ಹಾಗಾಗಿ ನಡೀತಿರೋ ಸ್ಟಡಿಯ ಪ್ರೋಸೆಸಿಂಗ್ ಸಾಫ್ಟ್‌ವೇರ್‌ನ ಕಂಟೇನರ್ (ಬೇಕಾದ್ದೆಲ್ಲ ಸೇರಿಸಿದ ಒಂದೇ ಪ್ಯಾಕೇಜ್) ಮಾಡಿ ಹಾಗೇ ಸೀಲ್ ಮಾಡಿಡಿ, ಅಪ್‌ಗ್ರೇಡ್ ಮಾಡ್ಲೇಬೇಕಾದ್ರೆ ಹಿಂದೆ ಮುಂದೆ ಎರಡೂ ಕಡೆ ಅದೇ ಫ್ಯಾಂಟಮ್ (ಜನರ ಬದಲು ಸ್ಕ್ಯಾನರ್ ಪರೀಕ್ಷೆಗೆ ಇಡೋ ವಸ್ತು), ಸಾಧ್ಯ ಆದ್ರೆ ಅದೇ ನಾಲ್ಕೈದು ವಾಲಂಟಿಯರ್‌ಗಳನ್ನ ಸ್ಕ್ಯಾನ್ ಮಾಡಿ.

ಫ್ಯಾಂಟಮ್ ಕ್ಯೂಎ, ಅಂದ್ರೆ ಫ್ಯಾಂಟಮ್ ಇಟ್ಟು ಸ್ಕ್ಯಾನರ್ ಸರಿ ಇದೆಯಾ ಅಂತ ನೋಡೋದು, ಖರ್ಚು ಕಮ್ಮಿ ಮಾಡೋವಾಗ ಸದ್ದಿಲ್ದೆ ಕಾಣೆಯಾಗೋ ಕೆಲಸ, ಯಾಕಂದ್ರೆ ಅದಕ್ಕೆ ಬಿಲ್ ಮಾಡೋಕೆ ಯಾರೂ ಇಲ್ಲ. ಫಂಕ್ಷನಲ್ ಎಂಆರ್‌ಐಗೆ (ಎಫ್‌ಎಂಆರ್‌ಐ, ಮೆದುಳು ಕೆಲಸ ಮಾಡೋದನ್ನ ನೋಡೋ ಸ್ಕ್ಯಾನ್) ಎಫ್‌ಬರ್ನ್ ಅನ್ನೋ ಸಂಶೋಧಕರ ಗುಂಪು ಮಾಡಿದ ಪದ್ಧತಿ 2006ರಿಂದಲೇ ಇದೆ, ಅಗಾರ್ ತುಂಬಿದ ಗೋಳ ಇಟ್ಟು ಸ್ಕ್ಯಾನ್ ಮಾಡಿ ಸಿಗ್ನಲ್ ಎಷ್ಟು ಏರಿಳೀತಿದೆ, ಎಷ್ಟು ಡ್ರಿಫ್ಟ್ ಆಗ್ತಿದೆ ಅಂತ ಅಳೆಯೋದು, ಜಾಸ್ತಿ ಹೊತ್ತೇನೂ ಬೇಡ. ವಾರಕ್ಕೊಮ್ಮೆಯಾದ್ರೂ ನಡೀಲಿ. ಹೊಸ ಗ್ರಾಂಟ್ ಬಂದ ಮೇಲೆ ಹಳೇ ಡೇಟಾ ಹೊಸ ಡೇಟಾ ಸೇರಿಸೋಕೆ ಹೋದಾಗ ಈ ಗ್ರಾಫ್ ಇದ್ರೆ ಧೈರ್ಯವಾಗಿ ಸೇರಿಸಬಹುದು. ಬೇರೆ ಬೇರೆ ಸ್ಕ್ಯಾನರ್‌ನ ಡೇಟಾನ ಲೆಕ್ಕದಲ್ಲಿ ಸರಿದೂಗಿಸೋ ಕಾಂಬ್ಯಾಟ್ ಥರದ ಹಾರ್ಮೊನೈಸೇಶನ್ ವಿಧಾನ ಇದೆ ನಿಜ, ಆದ್ರೆ ಅದಕ್ಕೂ ಎರಡೂ ಕಡೆ ಸಾಕಷ್ಟು ಜನ ಬೇಕು, ಎಲ್ಲಾ ಪೇಶಂಟ್‌ಗಳು ಅಪ್‌ಗ್ರೇಡ್‌ಗೆ ಮುಂಚೆ, ಎಲ್ಲಾ ಕಂಟ್ರೋಲ್‌ಗಳು ಆಮೇಲೆ ಅಂತ ಬಿದ್ದಿದ್ರೆ ಯಾವ ಸ್ಟ್ಯಾಟಿಸ್ಟಿಕ್ಸೂ ಕಾಪಾಡಲ್ಲ. ಈ ವಿಷಯದಲ್ಲಿ ನೋಡಿ ಕಲಿಯಬಹುದಾದ್ದು ಅಲ್ಝೈಮರ್ಸ್ ಕಾಯಿಲೆಯ ಆಡ್ನಿ ಪ್ರಾಜೆಕ್ಟ್. 2004ರಲ್ಲಿ ಶುರುವಾಗಿ ಆಡ್ನಿ-1, ಗೋ, 2, 3, 4 ಅಂತ ಒಂದೊಂದು ಫಂಡಿಂಗ್ ಹಂತ ದಾಟ್ಕೊಂಡು ಬಂದಿದೆ. ಮೊದಲ ಹಂತದಲ್ಲಿ ಮುಖ್ಯವಾಗಿ 1.5 ಟೆಸ್ಲಾ ಇತ್ತು, ಆಮೇಲೆ 3 ಟೆಸ್ಲಾಗೆ ಹೋದ್ರು, ಆದ್ರೆ ಮೊದಲ ಹಂತದಲ್ಲೇ ಒಂದಷ್ಟು ಜನರನ್ನ ಎರಡರಲ್ಲೂ ಸ್ಕ್ಯಾನ್ ಮಾಡಿ ಇಟ್ಕೊಂಡಿದ್ರು. ಮುಂದೆ ಬದಲಾವಣೆ ಬರುತ್ತೆ ಅಂತ ಗೊತ್ತಿದ್ದಾಗ ದುಡ್ಡು ಇರೋವಾಗ್ಲೇ ಸೇತುವೆ ಸ್ಕ್ಯಾನ್ ಮಾಡಿಡೋದು ಅಂದ್ರೆ ಇದೇ.

ಡೇಟಾ ಆರ್ಕೈವ್ ಮಾಡೋಕೆ ಗ್ಯಾಪ್‌ಗಿಂತ ಒಳ್ಳೆ ಟೈಮ್ ಇಲ್ಲ, ಸ್ಕ್ಯಾನ್ ಇಲ್ಲದ ಗಂಟೆಗಳಲ್ಲಿ ಟೆಕ್ನಾಲಜಿಸ್ಟ್, ರಿಸರ್ಚ್ ಅಸಿಸ್ಟೆಂಟ್ ಎಲ್ಲರನ್ನೂ ಇದಕ್ಕೆ ಹಾಕಿ. ಡೈಕಾಮ್, ಅಂದ್ರೆ ಸ್ಕ್ಯಾನರ್ ಕೊಡೋ ಮೂಲ ಫೈಲ್‌ಗಳು, ಎರಡು ಜಾಗದಲ್ಲಿ ಇರ್ಬೇಕು, ಚೆಕ್‌ಸಮ್ (ಫೈಲ್‌ನಿಂದ ಲೆಕ್ಕ ಹಾಕೋ ಗುರುತಿನ ಸಂಖ್ಯೆ) ಹಾಕಿ ಎರಡೂ ಒಂದೇ ಅಂತ ನೋಡಿರ್ಬೇಕು, ಕಾಪಿ ಆಯ್ತು ಅಂತ ಸ್ಕ್ರೀನ್ ಹೇಳಿದ್ರೆ ನಂಬ್ಬೇಡಿ. ಅದಾದ ಮೇಲೆ 2016ರಲ್ಲಿ ಬಂದ ಬಿಡ್ಸ್ ಅನ್ನೋ ಮೆದುಳಿನ ಡೇಟಾ ಜೋಡಿಸಿಡೋ ಫಾರ್ಮ್ಯಾಟ್‌ಗೆ ಹಾಕಿ, ಫೋಲ್ಡರ್ ಹೆಸರು, ಫೈಲ್ ಹೆಸರು ಎಲ್ಲ ಒಂದೇ ಥರ ಇದ್ರೆ ಇದನ್ನ ಮಾಡಿದೋರು ಹೋದ ಮೇಲೂ ಬೇರೆಯೋರಿಗೆ ಅರ್ಥ ಆಗುತ್ತೆ. ಓಪನ್‌ನ್ಯೂರೋ ತರದ ಎಲ್ಲರಿಗೂ ತೆರೆದಿರೋ ಡೇಟಾ ಸಂಗ್ರಹಕ್ಕೆ ಹಾಕೋದಾದ್ರೂ ಬಿಡ್ಸ್ ಬೇಕೇ ಬೇಕು. ಕನ್ಸೆಂಟಲ್ಲಿ ಹಂಚ್ಕೊಳ್ಳೋಕೆ ಒಪ್ಪಿಗೆ ಇದೆಯಾ ನೋಡಿ, ಮುಖ ತೆಗೆಯೋ ಡಿಫೇಸಿಂಗ್ ಮಾಡಿ. 2019ರಲ್ಲಿ ಒಂದು ಪ್ರಯೋಗದಲ್ಲಿ 84 ಜನರ ಎಂಆರ್‌ಐಯಿಂದ ಮುಖ ಕಟ್ಟಿ, ಸಾಮಾನ್ಯ ಫೇಸ್ ರೆಕಗ್ನಿಷನ್ ಸಾಫ್ಟ್‌ವೇರ್‌ಗೆ ಹಾಕಿದ್ರೆ ಅದು 70 ಜನರನ್ನ ಫೋಟೋ ಜೊತೆ ಸರಿಯಾಗಿ ಹೊಂದಿಸ್ತು, ಹಾಗಾಗಿ ಹೆಸರು ತೆಗೆದ್ರೆ ಸಾಕು ಅನ್ನೋ ಕಾಲ ಹೋಯ್ತು. ಐಡಿಗೂ ಹೆಸರಿಗೂ ಇರೋ ಕೀ ಫೈಲ್ ಯಾರ ಹತ್ರ ಇದೆ ಅಂತ ಬರೆದಿಡಿ, ಅದು ಹೋಗೋರ ಲ್ಯಾಪ್‌ಟಾಪಲ್ಲಿ ಇರಬಾರದು.

ನಮ್ಮದೇ ಸರ್ವರಲ್ಲಿ ಇದ್ರೆ ಸಾಕಲ್ವಾ ಅನ್ನೋರಿಗೆ ಅಮೆರಿಕದ ಡಾರ್ಟ್‌ಮತ್ ಕಾಲೇಜಲ್ಲಿದ್ದ ಎಫ್‌ಎಂಆರ್‌ಐ ಡೇಟಾ ಸೆಂಟರ್ ಕಥೆ ಹೇಳ್ಬೇಕು. 2000ದ ಹೊತ್ತಿಗೆ ಅದು ಈ ಕ್ಷೇತ್ರದಲ್ಲಿ ಡೇಟಾ ಹಂಚ್ಕೊಳ್ಳೋ ಮೊದಲ ದೊಡ್ಡ ಪ್ರಯತ್ನ, ಪೇಪರ್ ಹಾಕೋರು ಡೇಟಾನೂ ಕೊಡ್ಬೇಕು ಅಂತ ಒಂದು ಜರ್ನಲ್ ಕೂಡ ಕೈಜೋಡಿಸಿತ್ತು. ಫಂಡಿಂಗ್ ನಿಂತ ಮೇಲೆ ಹೊಸ ಡೇಟಾ ತಗೊಳ್ಳೋದನ್ನೇ ನಿಲ್ಲಿಸ್ಬೇಕಾಯ್ತು. ಡೇಟಾ ಇಡೋಕೇ ಅಂತ ಹುಟ್ಟಿದ ಜಾಗಕ್ಕೇ ಹೀಗಾದ್ರೆ ಡಿಪಾರ್ಟ್‌ಮೆಂಟ್ ಮೂಲೇಲಿರೋ ಸರ್ವರ್ ಯಾವ ಲೆಕ್ಕ.

ಹಳೇ ಅಕೌಂಟ್ ಮುಚ್ಚೋದು ಬೋರಿಂಗ್ ಕೆಲಸ, ಬೇಗ ಹೇಳಿ ಮುಗಿಸ್ತೀನಿ. ಕೊನೇ ತಿಂಗಳಲ್ಲಿ ಉಳಿದ ದುಡ್ಡಿಗೆಲ್ಲ ಹಾರ್ಡ್ ಡಿಸ್ಕ್ ಕೊಳ್ಳೋದು ಆಡಿಟರ್ ಕಣ್ಣಿಗೆ ಮೊದಲು ಬೀಳುತ್ತೆ, ಆ ಗ್ರಾಂಟ್‌ನ ಕೆಲಸಕ್ಕೆ ಬಳಕೆ ಆಗೋದೇ ಇಲ್ಲದ ವಸ್ತು ಆ ಗ್ರಾಂಟ್ ಮೇಲೆ ಹಾಕೋ ಹಾಗಿಲ್ಲ. ಪರ್ಚೇಸ್ ಆರ್ಡರ್ ಅವಧಿ ಒಳಗೆ ಹೋಗಿದ್ರೆ ಸಾಲದು, ಸಾಮಾನೂ ಅವಧಿ ಒಳಗೇ ಬಂದು ಕೂರ್ಬೇಕು ಅಂತ ಕೆಲವು ಕಡೆ ನಿಯಮ. ಉಪಕರಣ ಯಾರ ಆಸ್ತಿ, ಪಿಐ ಹೋದ್ರೆ ಐ-ಟ್ರ್ಯಾಕರ್ (ಕಣ್ಣಿನ ಚಲನೆ ಅಳೆಯೋ ಉಪಕರಣ) ಅವರ ಜೊತೆ ಹೋಗುತ್ತಾ ಇಲ್ಲೇ ಇರುತ್ತಾ, ಇದನ್ನ ಎಲ್ಲರೂ ಸಂತೋಷವಾಗಿರೋವಾಗ್ಲೇ ಬರೆದಿಡಿ. ಫೈನಲ್ ರಿಪೋರ್ಟ್‌ಗೆ ಗಡುವು ಇರುತ್ತೆ, ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ 120 ದಿನ, ಬೇರೆ ಕಡೆ ಬೇರೆ, ತಪ್ಪಿದ್ರೆ ಹೊಸ ಗ್ರಾಂಟ್ ರಿಲೀಸ್ ತಡ ಆಗಬಹುದು.

ಹೊಸ ಗ್ರಾಂಟ್ ಬಂತು ಅಂತ ಮೇಲ್ ಬಂದ ದಿನ ಎಲ್ಲರೂ ಕುಣಿದಾಡ್ತಾರೆ, ಕುಣೀಲಿ, ಆದ್ರೆ ಅಕೌಂಟ್ ನಂಬರ್ ಕೈಗೆ ಬಂದು ಮೊದಲ ಬಿಲ್ ಪಾಸಾಗೋಕೆ ಇನ್ನೂ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಆಗುತ್ತೆ. ಬ್ರಿಡ್ಜ್ ಕೇಳೋವಾಗ್ಲೇ ಈ ತಿಂಗಳುಗಳನ್ನೂ ಸೇರಿಸಿ ಕೇಳಿರ್ಬೇಕು. ಆರ್ಡರ್ ಬರೋಕೆ ಮುಂಚಿನ ಕೆಲವು ಖರ್ಚನ್ನ ಹೊಸ ಗ್ರಾಂಟ್ ಮೇಲೆ ಹಾಕೋಕೆ ಕೆಲವು ಫಂಡರ್‌ಗಳು ಬಿಡ್ತಾರೆ, ರಿಸ್ಕ್ ಮಾತ್ರ ಸಂಸ್ಥೆಯದ್ದೇ, ಅದನ್ನೂ ಕೇಳಿ ನೋಡಿ. ದುಡ್ಡು ಬಂದ ಮೇಲೆ ಹೊಸ ಜನರನ್ನ ತಗೊಳ್ಳೋಕೆ ಮುಂಚೆ ಹಂಚಿಹೋಗಿದ್ದ ಹಳಬರ ಸಮಯನ ಕೇಳಿ ವಾಪಸ್ ತಗೊಳ್ಳಿ, ಆ ಪಿಐಗಳಿಗೆ ಎರಡು ತಿಂಗಳ ನೋಟಿಸ್ ಕೊಟ್ಟು. ಮುಂದಕ್ಕೆ ಹಾಕಿದ್ದ ಅಪ್‌ಗ್ರೇಡ್‌ಗಳಿಗೆ ತಾರೀಖು ಹಾಕಿ. ನಿಲ್ಲಿಸಿದ್ದ ಎನ್‌ರೋಲ್‌ಮೆಂಟ್ ತೆರೆಯೋದು ಕೊನೇಲಿ, ಅದೂ ವಾರಕ್ಕೆ ಇಷ್ಟೇ ಜನ ಅಂತ ಮಿತಿ ಇಟ್ಟು, ಯಾಕಂದ್ರೆ ಇವತ್ತು ಒಟ್ಟಿಗೆ ಸೇರಿಸ್ಕೊಂಡ ಎಲ್ಲರ ಫಾಲೋ-ಅಪ್ ಸ್ಕ್ಯಾನೂ ಮುಂದಿನ ವರ್ಷ ಒಂದೇ ತಿಂಗಳಲ್ಲಿ ಬಂದು ಬೀಳುತ್ತೆ.